ಹಾರುವ ಮೊದಲು ಇಳಿಯುವುದನ್ನು ಕಲಿಸಿದೆ

"ಗಂಡು ಹುಡುಗರಿಗೆ ಬ್ಯಾಲೆ, ಅದೂ ಚಿಕ್ಕಮಗಳೂರಿನಲ್ಲಿ! ಮೂರು ತಿಂಗಳು ನಡೆಸಿ ತೋರಿಸಿ ಸಾರ್" ಎಂದು ನನ್ನ ಎದುರೇ ನಕ್ಕವರು ಹೊರಗಿನವರಲ್ಲ, ನಮ್ಮ ಊರಿನ ನೃತ್ಯದ ಮೇಷ್ಟ್ರುಗಳೇ. ಈಗ ಅವರಲ್ಲಿ ಇಬ್ಬರ ಮಕ್ಕಳು, ಯುರೋಪಿನ ಈ ಬ್ಯಾಲೆ ನೃತ್ಯ ಕಲಿಸುವ ನನ್ನ ಶೆಡ್ಡಿಗೇ ಬರುತ್ತಾರೆ. ಏಳನೆಯ ವರ್ಷ ನಡೆಯುತ್ತಿದೆ. ಮೊದಲ ತಂಡದ ಹದಿನಾಲ್ಕು ಹುಡುಗರಲ್ಲಿ ಒಂಬತ್ತು ಮಂದಿ ಇನ್ನೂ ಬಿಟ್ಟಿಲ್ಲ. ಹುಡುಗರು ನಿಲ್ಲುವುದಿಲ್ಲ ಎಂದು ಕೈಚೆಲ್ಲಿದ ಮೇಷ್ಟ್ರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಂಡಿ ಮಡಿಸುವ ಪ್ಲಿಯೆ, ಪಾದ ಜಾರಿಸಿ ಕಾಲು ಚಾಚುವ ತಾಂದ್ಯು, ಇವನ್ನು ಇಲ್ಲಿ ವಿವರಿಸುವುದಿಲ್ಲ. ನಿಮಗೆ ಗೊತ್ತು.

ಸೋತದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೊದಲ ಸಲ ಕಲ್ಯಾಣ ಮಂಟಪದ ಮಹಡಿಯೊಂದನ್ನು ಬಾಡಿಗೆಗೆ ಹಿಡಿದು "ಬ್ಯಾಲೆ ತರಗತಿ" ಎಂದು ದೊಡ್ಡ ಬೋರ್ಡು ಹಾಕಿದೆ. ಹನ್ನೊಂದು ಹೆಣ್ಣುಮಕ್ಕಳು, ಇಬ್ಬರು ಗಂಡು ಹುಡುಗರು ಬಂದರು. ಸಿಮೆಂಟು ನೆಲದ ಮೇಲೆ ವಿನೈಲ್ ಹಾಸಿ ಅದೇ ಸಾಕೆಂದುಕೊಂಡಿದ್ದೆ. ಒಂದೂವರೆ ತಿಂಗಳಿಗೆ ಎಲ್ಲರಿಗೂ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಎಲುಬಿನಲ್ಲಿ ನೋವು ಶುರುವಾಯಿತು. ಹುಡುಗರು ಅಷ್ಟರಲ್ಲಿ ಬಿಟ್ಟು ಹೋಗಿಯಾಗಿತ್ತು. ಎರಡನೆಯ ಸಲ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನಾಲ್ಕು ಹುಡುಗರನ್ನು ಬಿಗಿ ಉಡುಪಿನಲ್ಲಿ ವೇದಿಕೆಗೆ ಹತ್ತಿಸಿದೆ. ಸಭೆಯ ಹಿಂಭಾಗದಿಂದ ಸಿಳ್ಳೆ ಬಂತು. ಮರುದಿನ ತರಗತಿಗೆ ಒಬ್ಬನೂ ಬರಲಿಲ್ಲ. ಎರಡೂ ಸೇರಿ ಸುಮಾರು 38,000 ರೂಪಾಯಿ ಹೋಯಿತು. ಮನೆಯಲ್ಲಿ ಕೇಳಿದ ಮಾತುಗಳ ಲೆಕ್ಕ ಬೇರೆ.

ಮೂರನೆಯ ಸಲ ಬೋರ್ಡು ಹಾಕಲಿಲ್ಲ. ಮೂಡಿಗೆರೆ ರಸ್ತೆಯ ಬದಿಯಲ್ಲಿ ಹಳೆಯ ಗೊಬ್ಬರದ ಗೋದಾಮೊಂದು ಖಾಲಿ ಇತ್ತು, ತಿಂಗಳಿಗೆ 4,500 ಬಾಡಿಗೆ. ಈ ಸಲ ದುಡ್ಡನ್ನೆಲ್ಲ ಕಾಲಿಗೆ ಪೆಟ್ಟಾಗದಂಥ ಮರದ ನೆಲಕ್ಕೆ ಸುರಿಯುವುದೆಂದು ನಿರ್ಧರಿಸಿದೆ. ತೋಟದವರೊಬ್ಬರು ನೆರಳಿನ ಸಿಲ್ವರ್ ಓಕ್ ಮರಗಳನ್ನು ಕಡಿಸುತ್ತಿದ್ದರು. ಅಗ್ಗಕ್ಕೆ ಸಿಕ್ಕಿತು, ಸಾಮಿಲ್ಲಿನಲ್ಲಿ ಹಲಗೆ ಕೊಯ್ಯಿಸಿದೆ. "ಒಂದು ಬೇಸಿಗೆ ಒಣಗಲಿ ಸ್ವಾಮಿ" ಎಂದು ಆಚಾರಿ ಬಾಯಿ ಬಿಟ್ಟು ಹೇಳಿದ್ದರು. ನನಗೆ ಅವಸರ. ಏಪ್ರಿಲ್‌ನಲ್ಲಿ ಹೊಡೆಸಿದೆ. ಜುಲೈ ಹೊತ್ತಿಗೆ ಮಳೆಯ ತೇವ ಕುಡಿದ ಹಲಗೆಗಳು ದೋಣಿಯಂತೆ ಬಾಗಿ ಮೊಳೆಯನ್ನೇ ಕಿತ್ತುಕೊಂಡು ಎದ್ದವು. ನೆನಪಿನ ಲೆಕ್ಕದಲ್ಲಿ 46,000 ರೂಪಾಯಿ ಮಳೆಯಲ್ಲಿ ಹೋಯಿತು. ಆಚಾರಿ ಬಂದು ನೋಡಿ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಸಲ ಹಲಗೆಗಳ ನಡುವೆ ಗಾಳಿಯಾಡುವಂತೆ ಪಟ್ಟಿ ಇಟ್ಟು ವರ್ಷವಿಡೀ ಒಣಗಿಸಿದೆ. ಕೆಳಗೆ ರೀಪರುಗಳನ್ನು, ಅಂದರೆ ಮರದ ಪಟ್ಟಿಗಳನ್ನು, ಒಂದರ ಮೇಲೊಂದು ಅಡ್ಡಡ್ಡ ಎರಡು ಸಾಲು ಹಾಕಿಸಿದೆ, ಚಾಪೆ ಹೆಣೆದ ಹಾಗೆ. ಗೋಡೆಯ ಸುತ್ತ ಒಂದು ಬೆರಳಿನಷ್ಟು ಜಾಗ ಬಿಡಿಸಿದೆ. ರೀಪರಿನ ಅಡಿಗೆ ಮೊದಲು ಟ್ರ್ಯಾಕ್ಟರ್ ಟೈರಿನ ತುಂಡು ಕೊಟ್ಟು ನೋಡಿದೆ, ಕಲ್ಲಿನ ಹಾಗಾಯಿತು. ಹಾಸಿಗೆಯ ಫೋಮ್ ಕೊಟ್ಟೆ, ತಿಂಗಳೊಳಗೆ ಚಪ್ಪಟೆಯಾಯಿತು. ಕೊನೆಗೆ ಕೈಹಿಡಿದದ್ದು ಹವಾಯಿ ಚಪ್ಪಲಿಯ ಅಟ್ಟೆ ಮಾಡುವ ರಬ್ಬರ್ ಹಾಳೆ. ಅದನ್ನು ಅಂಗೈ ಅಗಲಕ್ಕೆ ಕತ್ತರಿಸಿಕೊಂಡೆ. ಎಷ್ಟೆಷ್ಟು ದೂರಕ್ಕೆ ಇಡಬೇಕು ಎಂದು ಮಾತ್ರ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೇನೆ, ನೀವೂ ಸ್ವಲ್ಪ ಕೆಡಿಸಿಕೊಳ್ಳಿ. ಹಾಳಾದದ್ದೂ ಸೇರಿ ನೆಲಕ್ಕೆ ಒಟ್ಟು 1 ಲಕ್ಷ 70 ಸಾವಿರದ ಆಸುಪಾಸು ತಗುಲಿದೆ. ಅಭ್ಯಾಸದಲ್ಲಿ ಕೈಯಾಸರೆಗೆ ಹಿಡಿಯುವ ಬಾರ್ ಮಾತ್ರ ಸುಲಭವಾಯಿತು: ಒಂದೂವರೆ ಇಂಚಿನ ಜಿಐ ಪೈಪು, ಗೋಡೆಗೆ ಕ್ಲಾಂಪು.

ಈಗ ಪಾಠದ ಮಾತು. ಹುಡುಗರು ಬರುವುದು ಹಾರುವ ಆಸೆಗೆ. ಎಲ್ಲರೂ ಅದನ್ನೇ ಮೊದಲು ತೋರಿಸಿ ಮರುಳು ಮಾಡುತ್ತಾರೆ, ನಾನೂ ಹಾಗೇ ಮಾಡಿದ್ದೆ. ಎರಡನೇ ವಾರದಲ್ಲಿ ಪಾದ ಉಳುಕುತ್ತದೆ, ಮೂರನೇ ವಾರದಲ್ಲಿ ಹುಡುಗ ವಾಲಿಬಾಲ್ ಅಂಕಣಕ್ಕೆ ವಾಪಸು. ಶೆಡ್ಡಿನಲ್ಲಿ ನಾನು ಇದನ್ನು ತಿರುವಿ ಹಾಕಿದೆ. ಮೊದಲ ಮೂರು ತಿಂಗಳು ಹಾರುವಂತೆಯೇ ಇಲ್ಲ, ಇಳಿಯುವುದು ಮಾತ್ರ. ಒಂದು ಇಟ್ಟಿಗೆ ಎತ್ತರದ ಮಣೆ, ಆಮೇಲೆ ಎರಡು ಇಟ್ಟಿಗೆ, ಆಮೇಲೆ ಬೆಂಚು. ಬೆರಳು, ಮುಂಗಾಲು, ಹಿಮ್ಮಡಿ ಕ್ರಮವಾಗಿ ನೆಲ ಮುಟ್ಟಬೇಕು. ಮಂಡಿ ಎರಡನೆಯ ಬೆರಳಿನ ನೇರಕ್ಕೇ ಮಡಿಯಬೇಕು. ಸದ್ದು ಬರಬಾರದು. ನಾನು ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತೇನೆ, ಕಿವಿಯಲ್ಲೇ ತಪ್ಪು ಹಿಡಿಯುತ್ತೇನೆ. ಸ್ಟೀಲ್ ತಟ್ಟೆಯ ಅಂಚಿಗೆ ಚಮಚ ಒರಗಿಸಿಟ್ಟು, ಅದು ಜಾರದ ಹಾಗೆ ಇಳಿದವನಿಗೆ ಕಾಫಿ ಎಂದು ಪಂದ್ಯ ಕಟ್ಟಿದೆ. ಹದಿನಾರು ವರ್ಷದ ಹುಡುಗರಿಗೆ ಶಿಸ್ತು ಎಂದರೆ ಓಡಿಹೋಗುತ್ತಾರೆ, ಪಂದ್ಯ ಎಂದರೆ ಕತ್ತಲಾದರೂ ಮನೆಗೆ ಹೋಗುವುದಿಲ್ಲ. ಎರಡನೇ ವಾರಕ್ಕೆ ಅವರು ತಪ್ಪದೆ ಬರುವಂತೆ ಮಾಡುವ ಇನ್ನೊಂದು ಉಪಾಯವೂ ಇದೆ. ಅದು ನನ್ನಲ್ಲೇ ಇರಲಿ.

ಸಂಗೀತಕ್ಕೆ ಪಿಯಾನೊ ಹಾಕಿದರೆ ಮೊದಮೊದಲು ಹುಡುಗರು ಪೆಚ್ಚಾಗಿ ನಿಲ್ಲುತ್ತಿದ್ದರು. ಮೂರು ಎಣಿಕೆಯ ವಾಲ್ಟ್ಸ್ ಬಂದಾಗ "ತಕಿಟ ತಕಿಟ" ಎಂದು ಬಾಯಲ್ಲಿ ಹೇಳಿ ತೊಡೆ ತಟ್ಟಿದೆ, ಅಷ್ಟೇ ಸಾಕಾಯಿತು.

ಪಾದ ಹೊರಗೆ ತಿರುಗಿಸುವ ವಿಷಯದಲ್ಲಿ ನಾನು ಬಲು ಬಿಗಿ, ಏಕೆಂದರೆ ನನ್ನ ಎಡ ಮಂಡಿಯೇ ಅದಕ್ಕೆ ಸಾಕ್ಷಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಕಲಿಯುವಾಗ ತಿರುವು ಸೊಂಟದ ಕೀಲಿನಿಂದ ಬರಬೇಕು ಎಂದು ಮೇಷ್ಟ್ರು ದಿನಾ ಹೇಳುತ್ತಿದ್ದರು. ನಾನು ಕನ್ನಡಿಯಲ್ಲಿ ಚಂದ ಕಾಣಲೆಂದು ಪಾದವನ್ನು ನೆಲಕ್ಕೆ ಒತ್ತಿ ಜಬರದಸ್ತಿಯಿಂದ ತಿರುಗಿಸುತ್ತಿದ್ದೆ. ಮಂಡಿ ಬಾಗಿಲಿನ ಕೀಲಿನಂಥದ್ದು, ತಿರುಚಲು ಮಾಡಿದ್ದಲ್ಲ. ಎಂಟು ತಿಂಗಳು ಕುಂಟಿದೆ. ಭರತನಾಟ್ಯದಲ್ಲಿ ಮಂಡಿ ಹೊರಗೆ ಮಡಿಸಿ ಅರ್ಧ ಕುಳಿತು ನಿಲ್ಲುವ ಅರಮಂಡಿ ಕಲಿಸುವವರಿಗೂ ಈ ಮಾತು ಅನ್ವಯಿಸುತ್ತದೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಹುಡುಗರಲ್ಲಿ ಕೆಲವರ ಪಾದ ಅಷ್ಟು ತಿರುಗುವುದೇ ಇಲ್ಲ. ತಿರುಗಿದಷ್ಟು ಸಾಕು ಎನ್ನುತ್ತೇನೆ.

ಮಧ್ಯೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಕೊಪ್ಪದ ಕಡೆಯ ಯಕ್ಷಗಾನದ ಭಾಗವತರೊಬ್ಬರು ನನ್ನ ಸ್ನೇಹಿತರು. ಮಳೆಗಾಲದಲ್ಲಿ ಮೇಳಕ್ಕೆ ಬಿಡುವಿದ್ದಾಗ ಚುರುಕಿನ ಯುವವೀರರ ಪಾತ್ರವಾದ ಪುಂಡುವೇಷ ಕಟ್ಟುವ ಇಬ್ಬರು ಹುಡುಗರನ್ನು ಕಳಿಸಿಕೊಟ್ಟರು. ಎಗರಿ ಸುತ್ತುವ ದಿಗಿಣ ಹೊಡೆದು ಹೊಡೆದು ಇಪ್ಪತ್ತೈದಕ್ಕೇ ಅವರ ಮಂಡಿ ನೋಯುತ್ತಿತ್ತು. ಆರು ಭಾನುವಾರ ಇಳಿಯುವುದನ್ನು ಕಲಿಸಿದೆ. ಬೆಕ್ಕಿನ ಹಾಗೆ ಇಳಿಯತೊಡಗಿದರು, ನೋವೂ ತಗ್ಗಿತು. ಭಾಗವತರು ಬಂದು ನೋಡಿ ಮುಖ ಗಂಟಿಕ್ಕಿದರು. "ಸದ್ದೇ ಇಲ್ಲದ ದಿಗಿಣ ಕಟ್ಟಿಕೊಂಡು ಏನು ಮಾಡಲಿ ಮಾರಾಯರೇ? ರಂಗಸ್ಥಳ ನಡುಗಬೇಕಲ್ಲ!" ಅವರ ಮಾತು ಸರಿಯೇ. ಈಗ ಆ ಹುಡುಗರು ಅಭ್ಯಾಸದಲ್ಲಿ ನನ್ನಂತೆ, ಆಟದಲ್ಲಿ ಅವರಂತೆ ಇಳಿಯುತ್ತಾರೆ.

ಯಕ್ಷಗಾನದಿಂದ ನನಗೆ ಇನ್ನೊಂದು ಲಾಭವೂ ಆಯಿತು. "ಇದು ಹೆಣ್ಣುಮಕ್ಕಳ ಕುಣಿತವಲ್ಲವೇ?" ಎಂದು ಕೇಳುವ ಅಪ್ಪಂದಿರಿಗೆ ನನ್ನ ಉತ್ತರ ಒಂದೇ. ನಿಮ್ಮ ತಾತ ರಾತ್ರಿಯಿಡೀ ನಿದ್ದೆಗೆಟ್ಟು ನೋಡಿದ ದಮಯಂತಿ ಗಂಡಸಲ್ಲವೇ? ಬ್ಯಾಲೆಯೂ ಹಾಗೆಯೇ ಬೆಳೆದದ್ದು. 1661ರಲ್ಲಿ ಪ್ಯಾರಿಸ್‌ನಲ್ಲಿ ನೃತ್ಯದ ಅಕಾಡೆಮಿ ಸ್ಥಾಪಿಸಿದ ಹದಿನಾಲ್ಕನೆಯ ಲೂಯಿ ಸ್ವತಃ ಕುಣಿಯುತ್ತಿದ್ದ ದೊರೆ. ಅಲ್ಲಿಯ ಒಪೆರಾ ವೇದಿಕೆಗೆ ವೃತ್ತಿಪರ ನರ್ತಕಿಯರು ಬಂದದ್ದೇ 1681ರಲ್ಲಿ. ಅದಕ್ಕೆ ಮೊದಲು ಹೆಣ್ಣಿನ ಪಾತ್ರಕ್ಕೂ ಗಂಡಸರೇ. ದೊರೆ ಕುಣಿದ ಎಂದ ಮೇಲೆ ಅಪ್ಪಂದಿರು ಫೀಸು ಎಷ್ಟು ಎಂದು ಕೇಳುತ್ತಾರೆ. ತಿಂಗಳಿಗೆ 500. ಕಾಫಿಯ ದುಡ್ಡು ಕೈಗೆ ಬಂದ ಮೇಲೆ ಕೊಡುವವರೂ ಇದ್ದಾರೆ.

ಒಮ್ಮೆ ಎಲ್ಲರನ್ನೂ ಬೇಲೂರಿಗೆ ಕರೆದುಕೊಂಡು ಹೋದೆ. ಇಲ್ಲಿಂದ ಇಪ್ಪತ್ತೈದು ಕಿಲೋಮೀಟರು, ಬಸ್ಸಿನಲ್ಲೇ ಹೋದೆವು. ಶಿಲಾಬಾಲಿಕೆಯರ ಒಡವೆ ನೋಡಬೇಡಿ, ಯಾವ ಕಾಲಿನ ಮೇಲೆ ಭಾರವಿದೆ ಎಂದು ಮಾತ್ರ ಹೇಳಿ ಎಂದೆ. ಗೈಡ್ ಒಬ್ಬರು ನಮ್ಮನ್ನು ವಿಚಿತ್ರವಾಗಿ ನೋಡಿದರು.

ಇದರಿಂದ ಹುಡುಗರಿಗೆ ಏನು ಸಿಕ್ಕಿತು? ವೇದಿಕೆ ಏರಿದವರು ಇಬ್ಬರೇ, ಅದೂ ಒಮ್ಮೊಮ್ಮೆ. ಆದರೆ ಒಬ್ಬ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಐವತ್ತು ಕಿಲೋ ಚೀಲ ಎತ್ತುತ್ತಾನೆ. ಬೆನ್ನು ಬಗ್ಗಿಸುವುದಿಲ್ಲ, ಸೊಂಟ ನೇರವಿಟ್ಟು ಮಂಡಿ ಮಡಿಸಿ ಎದ್ದೇಳುತ್ತಾನೆ, ಅಪ್ಪಟ ಪ್ಲಿಯೆ. ಅವನ ಜೊತೆಯವರು ಸಂಜೆ ಬೆನ್ನಿಗೆ ಮುಲಾಮು ಹಚ್ಚಿಕೊಳ್ಳುವಾಗ ಇವನು ತರಗತಿಗೆ ಬರುತ್ತಾನೆ. ಇನ್ನೊಬ್ಬ ಮೆಣಸು ಕೊಯ್ಯುತ್ತಾನೆ. ಏಣಿಯ ಮೇಲೆ ಒಂದು ಕಾಲೂರಿ, ಇನ್ನೊಂದನ್ನು ಗಾಳಿಯಲ್ಲಿ ಚಾಚಿ ಬಳ್ಳಿ ಎಳೆಯುವುದನ್ನು ನೋಡಿದರೆ ನನಗೇ ಹೊಟ್ಟೆಕಿಚ್ಚಾಗುತ್ತದೆ. ಹೋದ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದಾಗಲೂ ಅವನ ಮೈಗೆ ಬೀಳುವುದು ಗೊತ್ತಿತ್ತು, ಏನೂ ಆಗಲಿಲ್ಲ. ತಾಯಂದಿರು ಹೇಳುವುದು ಬೇರೆ: ತಪ್ಪು ತೋರಿಸಿದರೆ ಮಗ ಮೊದಲಿನಂತೆ ಸಿಡುಕುವುದಿಲ್ಲವಂತೆ. ದಿನಕ್ಕೆ ಇಪ್ಪತ್ತು ಸಲ ತಿದ್ದಿಸಿಕೊಂಡವನಿಗೆ ಇಪ್ಪತ್ತೊಂದನೆಯದು ಏನು ಮಹಾ!

ನನ್ನ ವಿಷಯ ಹೇಳುವುದಾದರೆ, ಐವತ್ತಾರು ದಾಟಿದೆ. ಗೋಡೆ ಹಿಡಿಯದೆ ಒಂಟಿ ಕಾಲಿನಲ್ಲಿ ನಿಂತು ಕಾಲುಚೀಲ ಹಾಕಿಕೊಳ್ಳುತ್ತೇನೆ. ಮದುವೆ ಮನೆಯಲ್ಲಿ ಪಂಕ್ತಿ ಊಟಕ್ಕೆ ನೆಲದ ಮೇಲೆ ಕುಳಿತು ಕೈ ಊರದೆ ಏಳುತ್ತೇನೆ. ನನ್ನ ಓರಗೆಯವರು ಟೇಬಲ್ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ. ಆ ಎಡ ಮಂಡಿ ಥಂಡಿಯಲ್ಲಿ ಈಗಲೂ ಗೊಣಗುತ್ತದೆ, ಸುಳ್ಳು ಹೇಳುವುದಿಲ್ಲ.

ಚಿಲ್ಲರೆ ವಿಷಯಗಳು. ಹುಡುಗರ ಪಾದದ ಅಳತೆಗೆ ಬ್ಯಾಲೆ ಚಪ್ಪಲಿ ಇಲ್ಲಿ ಸಿಗುವುದಿಲ್ಲ. ಊರಿನಲ್ಲೇ ಕ್ಯಾನ್ವಾಸ್ ಹೊಲಿಸಿದೆ, ಜೋಡಿಗೆ 350 ಬಿತ್ತು. ಅಟ್ಟೆ ದಪ್ಪವಾಗಿ ಎರಡು ಸಲ ದಂಡವಾಯಿತು, ಮೂರನೆಯದು ಸರಿಹೋಯಿತು. ನೆಲ ಜಾರಿದರೆ ಗ್ರಂಧಿಗೆ ಅಂಗಡಿಯ ರಾಳವನ್ನು ಪುಡಿ ಮಾಡಿ ಪಾದಕ್ಕೆ ತೀಡಿಕೊಳ್ಳಿ. ಸ್ವಲ್ಪವೇ ಸಾಕು, ಹೆಚ್ಚಾದರೆ ಕಾಲು ಅಂಟಿಕೊಂಡು ಮಂಡಿ ತಿರುಚುತ್ತದೆ.

ಬಾಡಿಗೆ, ಕರೆಂಟು ಕಳೆದು ನಾಲ್ಕನೆಯ ವರ್ಷದಿಂದ ಕೈ ಕಚ್ಚುತ್ತಿಲ್ಲ. ನೆಲದ ಸಾಲ ಹೋದ ಯುಗಾದಿಗೆ ತೀರಿತು. ಆದರೆ ಪಡುವಣ ಗೋಡೆಯ ಕಡೆ ಎರಡು ಹಲಗೆ ಮತ್ತೆ ತಲೆಯೆತ್ತಿವೆ. ಭಾನುವಾರ ಆಚಾರಿ ಬರುತ್ತಾರೆ. ಈ ಸಲ ಅವರು ಹೇಳಿದಷ್ಟು ದಿನ ಒಣಗಿಸುತ್ತೇನೆ.