ಮೆಷಿನ್‌ಗಿಂತ ಮೊದಲು ಗ್ರೈಂಡರ್ ತಗೋಬೇಕಿತ್ತು

ಎರಡು ವರ್ಷದ ಹಿಂದೆ ಮನೆಗೆ ಎಸ್ಪ್ರೆಸೊ ಮೆಷಿನ್ ತಂದೆ, ಬಿಸಿನೀರನ್ನು ಒತ್ತಡದಿಂದ ಪುಡಿಯೊಳಗೆ ನುಗ್ಗಿಸಿ ಗಟ್ಟಿ ಕಾಫಿ ಇಳಿಸುವಂಥದ್ದು. ಡಬ್ಬಿಯ ಮೇಲೆ '15 ಬಾರ್' ಅಂತ ದೊಡ್ಡದಾಗಿ ಬರೆದಿತ್ತು, ಅದನ್ನು ನೋಡಿಯೇ ತಗೊಂಡೆ. ಬಾರ್ ಅಂದರೆ ಒತ್ತಡದ ಅಳತೆ, ಎಸ್ಪ್ರೆಸೊಗೆ ಬೇಕಾಗಿರುವುದು ಸುಮಾರು 9 ಬಾರ್ ಅಷ್ಟೇ. 15 ಅನ್ನುವುದು ಪಂಪಿಗೆ ಎಷ್ಟು ತಾಕತ್ತಿದೆ ಅನ್ನುವ ಲೆಕ್ಕ. ಇದು ಗೊತ್ತಾಗಿದ್ದು ಆಮೇಲೆ.

ಜೊತೆಗೆ ಬಂದ ಬಾಸ್ಕೆಟ್, ಅಂದರೆ ಪುಡಿ ತುಂಬುವ ತೂತಿನ ಬಟ್ಟಲು, ಎರಡು ಪದರದ್ದು. ಒಳಗೆ ತುಂಬಾ ತೂತು, ತಳದಲ್ಲಿ ಮಾತ್ರ ಒಂದೇ ಒಂದು ಚಿಕ್ಕ ತೂತು. ಕಾಫಿ ಅದರಿಂದ ಚಿಮ್ಮಿ ಬರುವುದರಿಂದ ಎಂಥ ಪುಡಿ ಹಾಕಿದರೂ ನೊರೆ ಬಂದೇ ಬರುತ್ತದೆ. ಅದೇ ಕ್ರೆಮಾ (ಎಸ್ಪ್ರೆಸೊ ಮೇಲೆ ನಿಲ್ಲುವ ಕಂದು ನೊರೆ) ಅಂತ ಎರಡು ತಿಂಗಳು ಕುಡಿದೆ. ಒಂದು ನಿಮಿಷ ಬಿಟ್ಟರೆ ನೊರೆ ಇಳಿದು, ನೀರುನೀರಾದ ಕಹಿ ಕಾಫಿ ಉಳಿಯುತ್ತಿತ್ತು.

ಆಮೇಲೆ ಒಂದೇ ಪದರದ, 51 ಮಿಲಿಮೀಟರ್ ಅಗಲದ ಬಾಸ್ಕೆಟ್ ತರಿಸಿ, ಫಿಲ್ಟರಿಗೆ ತರುವ ಪುಡಿಯನ್ನೇ, ಚಿಕೋರಿ ಇಲ್ಲದ್ದನ್ನು, ಹಾಕಿ ನೋಡಿದೆ. ಎಂಟೇ ಸೆಕೆಂಡಿಗೆ ಲೋಟ ತುಂಬಿತು, ಬಾಯಿಗಿಟ್ಟರೆ ಹುಳಿ. ಅವತ್ತು ಅರ್ಥವಾಯಿತು: ನೀರನ್ನು ತಡೆದು ನಿಲ್ಲಿಸಬೇಕಾದದ್ದು ಪುಡಿಯೇ. ಅದು ಎಷ್ಟು ನುಣ್ಣಗಿರಬೇಕು ಅನ್ನುವುದು ಬೀಜದಿಂದ ಬೀಜಕ್ಕೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ಅಂಗಡಿಯಲ್ಲಿ ಪುಡಿ ಮಾಡಿಸಿ ತಂದರೆ ಅದನ್ನು ಸರಿಮಾಡಲು ದಾರಿಯೇ ಇಲ್ಲ, ಅಲ್ವಾ?

ಎಸ್ಪ್ರೆಸೊಗೆ ಆಗುವಷ್ಟು ನುಣ್ಣಗೆ ಬೀಸುವ ಕೈ ಗ್ರೈಂಡರ್ ತಗೊಂಡೆ, ಹತ್ತು ಸಾವಿರದ ಹತ್ತಿರ ಆಯಿತು. ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ: ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧ ಗ್ರೈಂಡರಿಗೆ ಎತ್ತಿಡಿ, ಉಳಿದದ್ದರಲ್ಲಿ ಬರುವ ಸಾಧಾರಣ ಮೆಷಿನ್ ಸಾಕು. ಜೊತೆಗೆ 0.1 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು.

ನನ್ನ ಲೆಕ್ಕ ಹೀಗೆ: 16 ಗ್ರಾಂ ಪುಡಿ, ಲೋಟಕ್ಕೆ 32 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್. ಬೇಗ ಇಳಿದು ಹುಳಿಯಾದರೆ ಗ್ರೈಂಡರ್ ಒಂದು ಕ್ಲಿಕ್, ಅಂದರೆ ಒಂದು ಹಂತ, ನುಣ್ಣಗೆ. ತೊಟ್ಟಿಕ್ಕುತ್ತಾ ಕಹಿಯಾದರೆ ಒಂದು ಕ್ಲಿಕ್ ತರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಪುಡಿಯ ತೂಕವನ್ನೂ ಜೊತೆಗೇ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಆದರೂ ಕೆಲವು ಸಲ ಒಂದೇ ಪಕ್ಕದಿಂದ ತೆಳ್ಳಗೆ, ಬಿಳಿಚಿಕೊಂಡ ಕಾಫಿ ಚಿಮ್ಮುತ್ತಿತ್ತು. ಪುಡಿ ಗಂಟುಗಂಟಾಗಿರುತ್ತಿತ್ತು. ಗದ್ದೆಯ ಬದು ಎಲ್ಲಿ ಸಡಿಲವೋ ನೀರು ಅಲ್ಲೇ ನುಗ್ಗುತ್ತದಲ್ಲ, ಬಾಸ್ಕೆಟ್‌ನಲ್ಲೂ ಅದೇ ಆಗುವುದು. ಒಂದು ಬಾಟಲಿ ಬಿರಡೆಗೆ ನಾಲ್ಕು ಸಣ್ಣ ಸೂಜಿ ಚುಚ್ಚಿಕೊಂಡೆ. ಅದರಿಂದ ಪುಡಿಯನ್ನು ತಳದಿಂದ ಕಲಕಿ, ಗಂಟು ಬಿಡಿಸಿ, ಮಟ್ಟ ಮಾಡಿ, ಆಮೇಲೆ ನೇರವಾಗಿ ಒತ್ತುತ್ತೇನೆ. ಮೊದಲ ಸಲ ಹೀಗೆ ಮಾಡಿದ ದಿನ ಏಳನೇ ಸೆಕೆಂಡಿಗೆ ಎರಡು ಕಪ್ಪು ಹನಿ ಕಾಣಿಸಿತು, ಆಮೇಲೆ ಒಂದೆಳೆ ಪಾಕ ಇಳಿದ ಹಾಗೆ ಕಂದು ಬಣ್ಣದ ಎಳೆ, ಕಡಿಯದೆ ಇಳಿಯಿತು. ಸಕ್ಕರೆ ಹಾಕದೆ ಕುಡಿದೆ, ಸಿಹಿ ಇತ್ತು!

ಬೀಜ ಚಿಕ್ಕಮಗಳೂರಿನ ಅರೇಬಿಕಾ, ಮಧ್ಯಮ ಹುರಿದದ್ದು, ಹೆಚ್ಚಾಗಿ ಎಸ್ 795, ಅಂದರೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ತಳಿ. ಹುರಿದ ದಿನಾಂಕ ಇಲ್ಲದ ಪೊಟ್ಟಣ ಮುಟ್ಟುವುದಿಲ್ಲ. ಹುರಿದು ಹತ್ತು ದಿನ ಬಿಟ್ಟು ತೆರೆದರೆ ನನಗೆ ಸರಿಹೋಗುತ್ತದೆ, ತೀರಾ ಹೊಸದಾದರೆ ಗ್ಯಾಸ್ ಜಾಸ್ತಿ ಇದ್ದು ಬರೀ ಬುಸಬುಸ ನೊರೆ.

ನೀರಿನ ಬಗ್ಗೆ ಒಂದು ಮಾತು. ಬೋರ್‌ವೆಲ್ ನೀರು ಹಾಕಬೇಡಿ, ಮೆಷಿನ್ ಒಳಗೆ ಸುಣ್ಣ ಕಟ್ಟುತ್ತದೆ.

ಈ ವಾರ ಕೊಡಗಿನ ರೋಬಸ್ಟಾ ಐದರಲ್ಲಿ ಒಂದು ಪಾಲು ಬೆರೆಸಿ ನೋಡುತ್ತಿದ್ದೇನೆ. ಕ್ರೆಮಾ ದಪ್ಪಗಾಗಿದೆ, ಹಾಲು ಬೆರೆಸಿದರೂ ಕಾಫಿಯ ರುಚಿ ಮುಂದೆ ನಿಲ್ಲುತ್ತದೆ. ಕೊನೆಯಲ್ಲಿ ಸ್ವಲ್ಪ ಕಹಿ ಉಳಿಯುತ್ತಿದೆ, ನಾಳೆ ಬೆಳಿಗ್ಗೆ ಒಂದು ಕ್ಲಿಕ್ ತರಿ ಮಾಡಬೇಕು.