ವಿಕಲಚೇತನ ಸಹೋದ್ಯೋಗಿಯ ಪರವಾಗಿ ಎಚ್‌ಆರ್ ಬಳಿ ಹೋಗುವುದು ಹೇಗೆ?

ಮೊದಲು ಆ ಸಹೋದ್ಯೋಗಿಯನ್ನೇ ಕೇಳಿ. ‘ಪಾಪ, ಕಷ್ಟಪಡ್ತಿದ್ದಾರೆ’ ಎಂದು ನಾವೇ ತೀರ್ಮಾನಿಸಿ ಮನವಿ ಬರೆಯುವುದು ತಪ್ಪು. ‘ಕೆಲಸದಲ್ಲಿ ಎಲ್ಲಿ ತೊಡಕಾಗ್ತಿದೆ? ನಾನೂ ಜೊತೆಗೆ ಬರಲಾ?’ ಅಂತ ಕೇಳಿ, ಬೇಡ ಅಂದರೆ ಅಲ್ಲಿಗೇ ಬಿಡಿ. ಅವರು ನಿಮ್ಮಲ್ಲಿ ಹೇಳಿಕೊಂಡ ಆರೋಗ್ಯದ ವಿಷಯ ಮೂರನೆಯವರ ಕಿವಿಗೆ ಬೀಳಕೂಡದು.

ಒಪ್ಪಿದರೆ ಇಬ್ಬರೂ ಕೂತು ಮನವಿ ಬರೆಯಿರಿ. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ‘ಸೌಲಭ್ಯ ಒದಗಿಸಿ’ ಎಂದಷ್ಟೇ ಬರೆದರೆ ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಬರುತ್ತದೆ. ಯಾವ ಕೆಲಸ, ಅದಕ್ಕೆ ಏನು ಅಡ್ಡಿ, ಏನು ಮಾಡಿದರೆ ಸರಿಹೋಗುತ್ತದೆ ಎಂಬುದು ಬಿಡಿಬಿಡಿಯಾಗಿ ಇರಲಿ. ಕಣ್ಣು ಕಾಣದ ಅಕೌಂಟೆಂಟ್ ಒಬ್ಬರು ಹೀಗೆ ಬರೆಯಬಹುದು: ‘ಬಿಲ್‌ಗಳು ಫೋಟೊ ರೂಪದಲ್ಲಿ ಬರುತ್ತಿವೆ, ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅವು ಓದಲು ಬರುತ್ತಿಲ್ಲ. ಎಕ್ಸೆಲ್‌ನಲ್ಲಿ ಕಳಿಸಿದರೆ ಅಂದಿನ ಕೆಲಸ ಅಂದೇ ಮುಗಿಯುತ್ತದೆ.’ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ, ಹಾಗಾಗಿ ಬಜೆಟ್ ಇಲ್ಲ ಎನ್ನಲು ಆಗದು. ಕಿವಿ ಕೇಳದವರಿಗಾಗಿ ಆನ್‌ಲೈನ್ ಮೀಟಿಂಗ್‌ನಲ್ಲಿ ಕ್ಯಾಪ್ಶನ್ ಹಾಕಿ ಎಂದು ಕೇಳಬಹುದು. ವ್ಹೀಲ್‌ಚೇರ್‌ನಲ್ಲಿ ವೈಟ್‌ಫೀಲ್ಡ್‌ವರೆಗೆ ಬರುವವರು ಟ್ರಾಫಿಕ್ ಕಡಿಮೆ ಇರುವ ಹೊತ್ತಿಗೆ ಶಿಫ್ಟ್ ಕೇಳುವುದರಲ್ಲಿ ಸಂಕೋಚ ಬೇಡ, ಅದು ದಯೆಯಲ್ಲ.

ಏಕೆಂದರೆ ಕಾನೂನಿನ ಬಲ ಇದೆ. 21 ಬಗೆಯ ಅಂಗವೈಕಲ್ಯವನ್ನು ಗುರುತಿಸುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಅಂಗವಿಕಲ ನೌಕರರ ನೇಮಕಾತಿ, ಸೌಲಭ್ಯಗಳನ್ನು ನೋಡಿಕೊಳ್ಳುವ ಸಂಪರ್ಕಾಧಿಕಾರಿಯ ನೇಮಕವೂ ಸೇರಿರಬೇಕು. ಆ ನೀತಿಯನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ, ಸಿಗದಿದ್ದರೆ ಪ್ರತಿ ಕೊಡಿ ಎಂದು ಮೇಲ್ ಮಾಡಿ. ಸರ್ಕಾರಿ ಕಚೇರಿಯಾದರೆ ಕುಂದುಕೊರತೆ ಅಧಿಕಾರಿ ಇರುತ್ತಾರೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಕಾರಣಕ್ಕೆ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತೆಯೂ ಇಲ್ಲ. ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಬೇಕು. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದ್ದರೆ ಪ್ರತಿ ಲಗತ್ತಿಸಿ.

ಮೀಟಿಂಗ್‌ನಲ್ಲಿ ಮೊದಲು ಅವರೇ ಮಾತಾಡಲಿ. ಮ್ಯಾನೇಜರ್ ಅವರನ್ನು ಬಿಟ್ಟು ನಿಮ್ಮ ಮುಖ ನೋಡಿ ಪ್ರಶ್ನೆ ಕೇಳಿದರೆ, ‘ಸರ್, ಅವರನ್ನೇ ಕೇಳಿ’ ಎನ್ನಿ. ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್ ಬೇಕಿದ್ದರೆ ಮೊದಲೇ ತಿಳಿಸಿರಿ. ಯಾರು ಏನು ಒಪ್ಪಿದರು, ಯಾವಾಗಿನಿಂದ ಜಾರಿ ಎಂಬುದನ್ನು ಅವತ್ತೇ ಮೇಲ್‌ನಲ್ಲಿ ಹಾಕಿ.

ಆಮೇಲೂ ಕೆಲಸ ಆಗದಿದ್ದರೆ ಬೆಂಗಳೂರಿನಲ್ಲೇ ಇರುವ, ಅಂಗವಿಕಲರಿಗಾಗಿನ ರಾಜ್ಯ ಆಯುಕ್ತರ ಕಚೇರಿಗೆ ಸಹೋದ್ಯೋಗಿಯ ಸಹಿಯೊಂದಿಗೆ ದೂರು ಕೊಡಬಹುದು. ಈ ಮೇಲ್‌ಗಳೇ ಅಲ್ಲಿ ದಾಖಲೆ.