ಮಾನ್ಸೂನ್ ಮೋಡದ ಹಿಮ: ಅಳತೆಯನ್ನು ಮಾದರಿಯೊಡನೆ ಹೋಲಿಸುವ ಬಗೆ

ಉಷ್ಣವಲಯದ ಮಾನ್ಸೂನ್ ಮೋಡಗಳಲ್ಲಿರುವ ಹಿಮದ ಪ್ರಮಾಣವನ್ನು ಹವಾಮಾನವನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿಯೊಂದು ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಲು ಹೊರಟಾಗ, ಮಾದರಿ ಮತ್ತು ಅಳತೆ ಎರಡೂ ಕಡೆ ‘ಹಿಮ’ ಎಂದರೆ ಒಂದೇ ವಸ್ತುವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಮಾದರಿಯು ಕ್ಲೌಡ್ ಐಸ್ (ಸಣ್ಣ ಹಿಮಹರಳುಗಳು), ಸ್ನೋ (ದೊಡ್ಡ ಹರಳುಗಳು ಮತ್ತು ಅವುಗಳ ಗೊಂಚಲುಗಳು), ಗ್ರಾಪೆಲ್ (ಹನಿಗಳು ಅಂಟಿ ಹೆಪ್ಪುಗಟ್ಟಿದ ಹಿಮದ ಉಂಡೆಗಳು) ಎಂದು ಹಿಮವನ್ನು ಬೇರೆ ಬೇರೆ ಖಾತೆಗಳಲ್ಲಿ ಇಡುತ್ತದೆ. ವಿಮಾನದ ಉಪಕರಣಕ್ಕಾಗಲಿ ರೇಡಾರ್‌ಗಾಗಲಿ ಈ ವಿಂಗಡಣೆ ಗೊತ್ತಿಲ್ಲ. ಆದ್ದರಿಂದ, ಗಾಳಿಯ ತೂಕಕ್ಕೆ ಇಷ್ಟು ಹಿಮ ಎಂದು ಮಾದರಿ ಕೊಡುವ ಮೂರನ್ನೂ ಕೂಡಿಸಿ, ವಾಯುಸಾಂದ್ರತೆಯಿಂದ ಗುಣಿಸಿ, ಘನಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆಗೆ ತಂದ ಮೇಲೆಯೇ ಹೋಲಿಕೆಗೆ ಅರ್ಥ ಬರುತ್ತದೆ.

ಅಳತೆಯನ್ನೂ ಕಣ್ಣುಮುಚ್ಚಿ ನಂಬಬಾರದು. ವೇಗವಾಗಿ ಹಾರುವ ವಿಮಾನದ ಪ್ರೋಬ್‌ನ (ಕಣಗಳನ್ನು ಅಳೆಯಲು ಹೊರಗೆ ಜೋಡಿಸಿದ ಉಪಕರಣದ) ತುದಿಗೆ ಬಡಿದ ದೊಡ್ಡ ಹರಳುಗಳು ಚೂರಾಗಿ, ಮೋಡದಲ್ಲಿ ಇಲ್ಲದ ಸಣ್ಣ ಕಣಗಳನ್ನು ದತ್ತಾಂಶದಲ್ಲಿ ಸೃಷ್ಟಿಸುತ್ತವೆ. ಈ ದೋಷವನ್ನು ನಿವಾರಿಸದ ಹಳೆಯ ದತ್ತಾಂಶದಲ್ಲಿ ಸಣ್ಣ ಕಣಗಳ ಸಂಖ್ಯೆಯನ್ನು ಆಧಾರವಾಗಿ ಹಿಡಿಯದಿರುವುದೇ ಮೇಲು. 2014ರಲ್ಲಿ ಆಸ್ಟ್ರೇಲಿಯದ ಡಾರ್ವಿನ್‌ನಿಂದ ನಡೆದ ಹಾರಾಟಗಳಲ್ಲಿ, ಕಣಗಳನ್ನು ಒಳಕ್ಕೆಳೆದು ಆವಿಯಾಗಿಸಿ ಒಟ್ಟು ನೀರನ್ನು ಅಳೆಯುವ ಉಪಕರಣವನ್ನು ಬಳಸಲಾಯಿತು. ಅದರಿಂದ ದೊರೆತ ದ್ರವ್ಯರಾಶಿಗೆ ಕಣದ ಆಕಾರವನ್ನು ಊಹಿಸುವ ಅಗತ್ಯವಿಲ್ಲದ ಕಾರಣ ಇಂಥ ಅಳತೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಮುಂದಿನದು ಅಳತೆಯ ದೂರವನ್ನು ಮಾದರಿಯ ಜಾಲದ ಚೌಕದ ಗಾತ್ರಕ್ಕೆ ಹೊಂದಿಸುವುದು. ಸೆಕೆಂಡಿಗೆ 200 ಮೀಟರ್ ವೇಗದ ವಿಮಾನ 5 ಸೆಕೆಂಡಿನಲ್ಲಿ 1 ಕಿಲೋಮೀಟರ್ ಕ್ರಮಿಸುವುದರಿಂದ, 1 ಕಿಲೋಮೀಟರ್ ಜಾಲದ ಮಾದರಿಗೆ 5 ಸೆಕೆಂಡಿನ ಸರಾಸರಿ ಹೊಂದುತ್ತದೆ. ಮಾದರಿಯ ಮೋಡ ನಿಜವಾದ ಮೋಡವಿದ್ದ ಜಾಗದಲ್ಲೇ ಹುಟ್ಟುವುದಿಲ್ಲವಾದ್ದರಿಂದ ಬಿಂದುವಿಗೆ ಬಿಂದುವನ್ನು ಹೋಲಿಸದೆ, ಒಂದೇ ಉಷ್ಣಾಂಶದ ವ್ಯಾಪ್ತಿಯಲ್ಲಿ ಎರಡರ ವಿತರಣೆಯನ್ನೂ ಹೋಲಿಸಬೇಕು. ವಿಮಾನ ಚಾಲಕರು ಅತಿ ಬಿರುಸಿನ ಮೇಲ್ಮುಖ ಗಾಳಿಯನ್ನು ತಪ್ಪಿಸಿ ಹಾರುತ್ತಾರೆ. ಮಾದರಿಯಲ್ಲೂ ಅಂಥ ಭಾಗವನ್ನು ಬಿಟ್ಟೇ ಲೆಕ್ಕ ಹಾಕಬೇಕು. ಈ ಹೆಜ್ಜೆಯನ್ನು ಮರೆತರೆ ಮಾದರಿಯ ಮೇಲೆ ಇಲ್ಲದ ತಪ್ಪನ್ನು ಹೊರಿಸಿದಂತಾಗುತ್ತದೆ.

ಇಷ್ಟಾದರೂ ದ್ರವ್ಯರಾಶಿ ಹೊಂದಿತೆಂದು ಅಲ್ಲಿಗೇ ನಿಲ್ಲಬಾರದು. ಎರಡು ಮೋಡಗಳಲ್ಲಿ ಘನಮೀಟರಿಗೆ ತಲಾ 1 ಗ್ರಾಂ ಹಿಮವಿದ್ದು, ಒಂದರಲ್ಲಿ 1 ಮಿಲಿಮೀಟರ್ ಕಣಗಳೂ ಇನ್ನೊಂದರಲ್ಲಿ 0.5 ಮಿಲಿಮೀಟರ್ ಕಣಗಳೂ ಇವೆ ಎನ್ನೋಣ. ಕಣದ ತೂಕ ವ್ಯಾಸದ ವರ್ಗಕ್ಕೆ ಅನುಗುಣವಾಗಿದ್ದರೆ ಎರಡನೆಯದರಲ್ಲಿ ಕಣಗಳು ನಾಲ್ಕು ಪಟ್ಟು. ಆದರೆ ಕಣಕ್ಕಿಂತ ತರಂಗಾಂತರ ಬಹಳ ದೊಡ್ಡದಿರುವ ರೇಡಾರ್‌ನಲ್ಲಿ ಪ್ರತಿಫಲನವು (ಮರಳಿ ಬರುವ ಸಂಕೇತದ ಬಲವು) ಪ್ರತಿ ಕಣದ ತೂಕದ ವರ್ಗವನ್ನು ಅನುಸರಿಸುವುದರಿಂದ ಅದು ನಾಲ್ಕನೇ ಒಂದಕ್ಕೆ, ಅಂದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಿಮದ ಪ್ರಮಾಣ ಸರಿಯಿದ್ದೂ ಮಾದರಿಯ ಪ್ರತಿಫಲನ ಅಳತೆಗಿಂತ ಹೆಚ್ಚಿದ್ದರೆ, ಗ್ರಾಪೆಲ್ ಅಥವಾ ಸ್ನೋ ಕಣಗಳು ಅತಿಯಾಗಿ ಬೆಳೆದಿವೆಯೇ ಎಂದು ಮೊದಲು ನೋಡಿ. ಮೋಡಗಳನ್ನು ಅಳೆದ ಕ್ಲೌಡ್‌ಸ್ಯಾಟ್ ಉಪಗ್ರಹದ, ತರಂಗಾಂತರ ಚಿಕ್ಕದಾದ 94 ಗಿಗಾಹರ್ಟ್ಸ್ ರೇಡಾರ್‌ಗೆ ಈ ಸರಳ ಲೆಕ್ಕ ಸಾಲದು. ದೊಡ್ಡ ಕಣಗಳಲ್ಲಿ ಚದುರುವಿಕೆಯ ನಿಯಮವೇ ಬದಲಾಗುವುದರಿಂದ ಅಲ್ಲಿ ಮಾದರಿಯ ದತ್ತಾಂಶವನ್ನು ಉಪಗ್ರಹ ಸಿಮ್ಯುಲೇಟರ್ (ಆ ಮೋಡವನ್ನು ಉಪಗ್ರಹ ಹೇಗೆ ಕಾಣುತ್ತಿತ್ತು ಎಂದು ಲೆಕ್ಕಹಾಕುವ ತಂತ್ರಾಂಶ) ಮೂಲಕ ಹಾಯಿಸಿ, ಪ್ರತಿಫಲನವನ್ನು ಪ್ರತಿಫಲನದೊಡನೆಯೇ ಹೋಲಿಸಬೇಕು.